ಟಾಲ್ಬಟ್ ಮಂಡಿ ಯಾರು? ಅಶೋಕನ 'ಒಂಬತ್ತು ಅಜ್ಞಾತರ' ಕಥೆಯನ್ನು ಅವನ ಮಾತಿನ ಮೇಲೆ ನಂಬಬಹುದೇ?

ಅಶೋಕ ಚಕ್ರವರ್ತಿ ಒಂಬತ್ತು ಜ್ಞಾನಿಗಳ ಗುಪ್ತಸಂಘ ಕಟ್ಟಿದ್ದ, ಒಬ್ಬೊಬ್ಬರ ಕೈಗೂ ಒಂದೊಂದು ರಹಸ್ಯ ಗ್ರಂಥ ಒಪ್ಪಿಸಿದ್ದ ಎಂಬ ವಾಟ್ಸಾಪ್ ಸಂದೇಶ ಓದಿದಿರಿ. "ಭಾರತದಲ್ಲಿ 25 ವರ್ಷ ಸೇವೆ ಮಾಡಿದ ಬ್ರಿಟಿಷ್ ಪೊಲೀಸ್ ಅಧಿಕಾರಿ ಟಾಲ್ಬಟ್ ಮಂಡಿಯೇ ಇದಕ್ಕೆ ಸಾಕ್ಷಿ" ಎಂದು ಅದರಲ್ಲಿತ್ತು, ಇದನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಂಬಬೇಡಿ. ಆದರೆ ಮಂಡಿಯನ್ನು ಓದಿ. ಹಲವು ವರ್ಷಗಳಿಂದ ಅವನ ಪುಸ್ತಕ ಹುಡುಕಿ ಹುಡುಕಿ ಓದುತ್ತಿರುವವನಾಗಿ ಹೇಳುತ್ತಿದ್ದೇನೆ.

ಮಂಡಿ ಪೊಲೀಸ್ ಆಗಿರಲೇ ಇಲ್ಲ, ಅವನು ಸಾಹಸ ಕಥೆಗಳ ಲೇಖಕ. ಆ ಹೆಸರು ಕೂಡ ಹುಟ್ಟಿನಿಂದ ಬಂದದ್ದಲ್ಲ. 1879ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವಿಲಿಯಂ ಲ್ಯಾಂಕ್ಯಾಸ್ಟರ್ ಗ್ರಿಬನ್ ಅವನು. ತಂದೆ ತೀರಿಕೊಂಡ ಮೇಲೆ ರಗ್ಬಿ ಎಂಬ ಹೆಸರಾಂತ ಇಂಗ್ಲಿಷ್ ಶಾಲೆಯ ಓದು ಅರ್ಧಕ್ಕೇ ನಿಂತಿತು. 1899ರಲ್ಲಿ ಬರೋಡಾ ಸಂಸ್ಥಾನದ ಬರಪರಿಹಾರದ ಕೆಲಸಕ್ಕೆಂದು ಭಾರತಕ್ಕೆ ಬಂದ, ಮಲೇರಿಯಾ ಹಿಡಿದು ವಾಪಸು ಹೋದ. ಆಮೇಲೆ ಪತ್ರಿಕೆಯ ವರದಿಗಾರನಾಗಿ ವಾಯವ್ಯ ಗಡಿಯ ಕಡೆಗೆ ಮತ್ತೊಮ್ಮೆ ಬಂದ. 25 ವರ್ಷವೆಲ್ಲಿ, ಈ ಅಲ್ಪಕಾಲದ ಓಡಾಟವೆಲ್ಲಿ!

ಅಲ್ಲಿಂದ ಪೂರ್ವ ಆಫ್ರಿಕಾ. ದಂತಕ್ಕಾಗಿ ಆನೆಗಳ ಕಳ್ಳಬೇಟೆ, ಸಾಲ, ಮೋಸ, ಕಡೆಗೆ ಜೈಲು. ಅಲ್ಲಿದ್ದಾಗಲೇ 'ಟಾಲ್ಬಟ್ ಮಂಡಿ' ಎಂಬ ಹೆಸರು ಇಟ್ಟುಕೊಂಡು, ತಾನು ಶ್ರೂಸ್‌ಬರಿಯ ಅರ್ಲ್ ಎಂಬ ಇಂಗ್ಲಿಷ್ ಕುಲೀನ ಮನೆತನದ ಅಕ್ರಮ ಸಂತಾನ ಎಂದು ಹೇಳಿಕೊಂಡ. ಅದೂ ಕಟ್ಟುಕಥೆಯೇ. 1909ರಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಹೊಸತರಲ್ಲೇ ದರೋಡೆಕೋರರು ತಲೆಬುರುಡೆ ಬಿರಿಯುವ ಹಾಗೆ ಹೊಡೆದರು. ಚೇತರಿಸಿಕೊಂಡ ಮೇಲೆ ಪತ್ರಕರ್ತನೊಬ್ಬ ಅವನ ಬಾಯಿಂದ ಬರುವ ಕಥೆಗಳನ್ನು ಕೇಳಿ, ಇವನ್ನು ಬರೆ ಎಂದು ಹುರಿದುಂಬಿಸಿದ. 1911ರಿಂದ ಕಥೆಗಳು ಅಚ್ಚಾಗತೊಡಗಿದವು. ವಯಸ್ಸು ಮೂವತ್ತು ದಾಟುವವರೆಗೂ ಕಂಡಕಂಡವರಿಗೆ ಸುಳ್ಳು ಹೇಳುತ್ತಿದ್ದವನು, ಅದೇ ಕೌಶಲದಿಂದ ಗೌರವವಾಗಿ ಅನ್ನ ಸಂಪಾದಿಸಲು ಶುರುಮಾಡಿದ. ಅವನ ಬದುಕಿನಲ್ಲಿ ನನ್ನ ಮನಸ್ಸು ಕಲಕುವ ತಿರುವು ಇದೇ.

ಅವನ ಕಥೆಗಳು ಹೆಚ್ಚಾಗಿ ಬಂದದ್ದು 'ಅಡ್ವೆಂಚರ್' ಪತ್ರಿಕೆಯಲ್ಲಿ. ಅಗ್ಗದ ಒರಟು ಕಾಗದದಲ್ಲಿ ಅಚ್ಚಾಗುತ್ತಿದ್ದ ಇಂಥವನ್ನು ಪಲ್ಪ್ ಪತ್ರಿಕೆಗಳು ಎನ್ನುತ್ತಿದ್ದರು. 40ಕ್ಕೂ ಹೆಚ್ಚು ಕಾದಂಬರಿ, ನೂರಕ್ಕೂ ಮಿಕ್ಕ ಕಥೆಗಳನ್ನು ಬರೆದ. 1916ರ 'ಕಿಂಗ್ ಆಫ್ ದ ಖೈಬರ್ ರೈಫಲ್ಸ್' ಅವನಿಗೆ ದೊಡ್ಡ ಹೆಸರು ತಂದಿತು. ಅದರಲ್ಲಿ ಸಾಮ್ರಾಜ್ಯದ ಅಹಂಕಾರ ಇದೆ, ಓದುವಾಗ ಚುಚ್ಚುತ್ತದೆ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಜೆರುಸಲೇಮಿನಲ್ಲಿ ಕೆಲಕಾಲ ಇದ್ದು ಬಂದ ಮೇಲೆ ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಮಾದಲ್ಲಿ ಕ್ಯಾಥರೀನ್ ಟಿಂಗ್ಲಿ ನಡೆಸುತ್ತಿದ್ದ ಥಿಯಾಸಫಿ (ಎಲ್ಲ ಧರ್ಮಗಳ ಮೂಲದಲ್ಲಿ ಒಂದೇ ಜ್ಞಾನವಿದೆ ಎನ್ನುವ ಅಧ್ಯಾತ್ಮ ಪಂಥ) ಸಮುದಾಯ ಸೇರಿದ. 1924ರ 'ಓಂ' ಕಾದಂಬರಿ ಆ ಕಾಲದ್ದು. ಅದರಲ್ಲಿ ತ್ಸಿಯಾಂಗ್ ಸಂದುಪ್ ಎಂಬ ಟಿಬೆಟಿನ ಮುದಿ ಲಾಮಾ ಬರುತ್ತಾನೆ. ಕಲಿಸುವವನು ಅವನು, ಕಲಿಯುವವನು ಕಥೆಯ ಇಂಗ್ಲಿಷ್ ನಾಯಕ. ಮರುವರ್ಷ ಶುರುವಾದ, ಟ್ರೋಸ್ ಎಂಬ ನಾವಿಕನ ಕಥೆಗಳ ಸರಣಿಯಲ್ಲಿ ಜೂಲಿಯಸ್ ಸೀಸರ್ ಮಹಾವೀರನಲ್ಲ, ಊರೂರು ನುಂಗುವ ಆಕ್ರಮಣಕಾರ. ಓದುಗರು ಸಿಟ್ಟಾದರು, ಪತ್ರಿಕೆಯ ಪತ್ರವಿಭಾಗದಲ್ಲಿ ದೊಡ್ಡ ಜಗಳವೇ ನಡೆಯಿತು. ಮಂಡಿ ಜಗ್ಗಲಿಲ್ಲ.

ಇನ್ನು ನಿಮ್ಮ ಒಂಬತ್ತು ಜನ. 1923ರ 'ದ ನೈನ್ ಅನ್‌ನೋನ್' ಒಂದು ಸಾಹಸ ಕಾದಂಬರಿ, ಅಷ್ಟೆ. ಸಾವಿರಾರು ವರ್ಷಗಳಿಂದ ಜಗತ್ತಿನ ಚಿನ್ನ ಎಲ್ಲಿಗೆ ಹೋಗಿ ಸೇರುತ್ತಿದೆ ಎಂಬ ಪ್ರಶ್ನೆ ಹಿಡಿದು ಹೊರಡುವ ಗೆಳೆಯರ ಕಥೆ. 1960ರಲ್ಲಿ ಲೂಯಿ ಪೊವೆಲ್ಸ್ ಮತ್ತು ಝಾಕ್ ಬೆರ್ಜಿಯೆ ಎಂಬ ಫ್ರೆಂಚ್ ಲೇಖಕರು ತಮ್ಮ ಪುಸ್ತಕದಲ್ಲಿ ಅಶೋಕ, ಗುಪ್ತಸಂಘ, ಒಂಬತ್ತು ಗ್ರಂಥ ಎಲ್ಲವನ್ನೂ ಇತಿಹಾಸವೆಂಬಂತೆ ಬರೆದು, ಮಂಡಿಗೆ ಆ 25 ವರ್ಷದ ಪೊಲೀಸ್ ಸೇವೆಯನ್ನೂ ದಯಪಾಲಿಸಿದರು. ತನ್ನ ಹುಟ್ಟಿನ ಬಗ್ಗೆ ತಾನೇ ಸುಳ್ಳು ಕಟ್ಟಿದವನಿಗೆ, ಸತ್ತ ಇಪ್ಪತ್ತು ವರ್ಷದ ಮೇಲೆ ಬೇರೆಯವರು ಇನ್ನೊಂದು ಸುಳ್ಳು ಬದುಕು ಕಟ್ಟಿಕೊಟ್ಟರು.

ಅಶೋಕನಿಗೆ ಏನು ಹೇಳುವುದಿತ್ತು ಎಂದು ತಿಳಿಯಲು ನಮಗೆ ಫ್ರಾನ್ಸ್ ಬೇಕಿಲ್ಲ. ಮಸ್ಕಿಯ ಬಂಡೆಯ ಮೇಲೆ ಅವನ ಹೆಸರೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಶಾಸನ ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯವನ್ನೇ ನುಡಿಯಿರಿ ಎನ್ನುತ್ತದೆ. ಎಲ್ಲರಿಗೂ ತಲುಪಲೆಂದು ಮಾತನ್ನು ಬಯಲಿನ ಬಂಡೆಗಳ ಮೇಲೆ ಕೊರೆಸಿದ ದೊರೆ ಅವನು. ಆ ಶಾಸನಗಳಲ್ಲಿ ಒಂಬತ್ತು ಜನರ ಸುಳಿವೇ ಇಲ್ಲ.

ಕೊನೆಯ ವರ್ಷಗಳಲ್ಲಿ ಮಂಡಿ ಅಮೆರಿಕದ ಮಕ್ಕಳ ರೇಡಿಯೊ ಸರಣಿಯೊಂದಕ್ಕೆ ಬರೆದು ಬದುಕಿದ. ಸಕ್ಕರೆ ಕಾಯಿಲೆಯಿಂದ 1940ರ ಆಗಸ್ಟ್‌ನಲ್ಲಿ ಫ್ಲಾರಿಡಾದಲ್ಲಿ ತೀರಿಕೊಂಡ. ಭಾರತದಲ್ಲಿ ಅವನ ಕೃತಿಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ, ಅನೇಕವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 'ಓಂ'ನಿಂದ ಶುರುಮಾಡಿ. ಲಾಮಾ ಮಾತಾಡುವ ಪುಟಗಳಲ್ಲಿ ಆತುರ ಬೇಡ, ನಿಧಾನಕ್ಕೆ ಓದಿ.