ದ್ಯುತಿವಿದ್ಯುತ್ ಪರಿಣಾಮದಲ್ಲಿ ಆವೃತ್ತಿ ಮುಖ್ಯವೋ, ತೀವ್ರತೆ ಮುಖ್ಯವೋ?

ಯಾವುದು ಮುಖ್ಯ ಎಂಬ ಪ್ರಶ್ನೆಯನ್ನೇ ಕೈಬಿಡಿ. ಅದೇ ಪ್ರಶ್ನೆ ತಲೆಯಲ್ಲಿದ್ದುದರಿಂದ ನಾನು ಪೆಟ್ಟು ತಿಂದೆ.

ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಪ್ರಾಯೋಗಿಕ ಪರೀಕ್ಷೆಯ ಚೀಟಿಯಲ್ಲಿ ನನಗೆ ಬಂದದ್ದು ಫೋಟೋಸೆಲ್: ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನುಗಳು ಹೊರಬೀಳುವ ದ್ಯುತಿವಿದ್ಯುತ್ ಪರಿಣಾಮವನ್ನು ತೋರಿಸುವ ಉಪಕರಣ. ದೀಪವನ್ನು ಹತ್ತಿರಕ್ಕೆ ಸರಿಸಿದೆ, ಮೀಟರಿನ ಮುಳ್ಳು ಏರಿತು. 'ತೀವ್ರತೆ ಹೆಚ್ಚಿದಂತೆ ಎಲೆಕ್ಟ್ರಾನುಗಳ ವೇಗ ಹೆಚ್ಚುತ್ತದೆ' ಎಂದು ಬರೆದುಬಿಟ್ಟೆ. ಚಿಕ್ಕಮಗಳೂರಿನಿಂದ ಬಂದಿದ್ದ ಪರೀಕ್ಷಕರು ಆ ಸಾಲಿನ ಕೆಳಗೆ ಗೆರೆ ಎಳೆದು, "ಮುಳ್ಳು ಅಳೆದದ್ದು ಏನನ್ನು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಅಂಕಗಳ ಜೊತೆ ಪ್ರಥಮ ದರ್ಜೆಯೂ ಹೋಯಿತು.

ಮುಳ್ಳು ಅಳೆಯುವುದು ಕರೆಂಟನ್ನು. ಕರೆಂಟ್ ಎಂದರೆ ಸೆಕೆಂಡಿಗೆ ಎಷ್ಟು ಎಲೆಕ್ಟ್ರಾನುಗಳು ಆಚೆ ಬದಿ ತಲುಪಿದವು ಎಂಬ ಲೆಕ್ಕ. ಅವು ಹೊರಬಿದ್ದಾಗ ಎಷ್ಟು ವೇಗವಾಗಿದ್ದವು ಎಂಬುದು ಆ ಲೆಕ್ಕದಲ್ಲಿ ಇಲ್ಲ. ವೇಗ ತಿಳಿಯಬೇಕಾದರೆ ಬ್ಯಾಟರಿಯ ಧ್ರುವಗಳನ್ನು ಅದಲುಬದಲು ಮಾಡಿ, ಕರೆಂಟ್ ಸೊನ್ನೆಯಾಗುವವರೆಗೆ ವೋಲ್ಟೇಜ್ ಏರಿಸಬೇಕು. ಆ ನಿಲುಗಡೆ ವಿಭವವೇ ಅತಿ ವೇಗದ ಎಲೆಕ್ಟ್ರಾನಿನ ಚಲನಶಕ್ತಿಯನ್ನು ಹೇಳುತ್ತದೆ. ದೀಪವನ್ನು ಎಷ್ಟೇ ಹತ್ತಿರ ತಂದರೂ ಅದು ಬದಲಾಗುವುದಿಲ್ಲ. ದೀಪದ ಮುಂದಿನ ಫಿಲ್ಟರಿನ ಬಣ್ಣವನ್ನು, ಅಂದರೆ ಬೆಳಕಿನ ಆವೃತ್ತಿಯನ್ನು, ಬದಲಿಸಿದರೆ ಬದಲಾಗುತ್ತದೆ. ನಾನು ಫಿಲ್ಟರನ್ನು ಮುಟ್ಟಿಯೇ ಇರಲಿಲ್ಲ!

1902ರಲ್ಲಿ ಜರ್ಮನಿಯ ಭೌತವಿಜ್ಞಾನಿ ಲೆನಾರ್ಡ್ ಪ್ರಯೋಗದಲ್ಲಿ ಕಂಡದ್ದೂ ಇದನ್ನೇ. ಬೆಳಕಿನ ಒಂದು ಕಣ, ಅಂದರೆ ಫೋಟಾನ್, ತನ್ನ ಶಕ್ತಿಯನ್ನೆಲ್ಲ ಒಂದೇ ಎಲೆಕ್ಟ್ರಾನಿಗೆ ಕೊಡುತ್ತದೆ, ಆ ಶಕ್ತಿ ಆವೃತ್ತಿಗೆ ತಕ್ಕಷ್ಟಿರುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ವಿವರಿಸಿದರು. ಸೋಡಿಯಂನಿಂದ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಪುಟ್ಟ ಮಾನ) ಬೇಕು. 650 ನ್ಯಾನೊಮೀಟರಿನ ಕೆಂಪು ಫೋಟಾನಿನಲ್ಲಿ ಇರುವುದು 1.9, ಎಷ್ಟು ಪ್ರಖರ ಕೆಂಪು ದೀಪ ಹಿಡಿದರೂ ಒಂದು ಎಲೆಕ್ಟ್ರಾನೂ ಬಾರದು. 400 ನ್ಯಾನೊಮೀಟರಿನ ನೇರಳೆಯಲ್ಲಿ 3.1 ಇದೆ; ಮಂದ ಬೆಳಕಾದರೂ ಎಲೆಕ್ಟ್ರಾನ್ ತಕ್ಷಣ ಹೊರಡುತ್ತದೆ, ಗರಿಷ್ಠ 0.8 ಶಕ್ತಿಯೊಂದಿಗೆ. ಹೊರಡುವುದು ಖಚಿತವಾದ ಮೇಲಷ್ಟೇ ತೀವ್ರತೆಗೆ ಕೆಲಸ: ಅದು ಎಣಿಕೆಯನ್ನು ಏರಿಸುತ್ತದೆ.

'ಆವೃತ್ತಿಗೂ ಕರೆಂಟಿಗೂ ಸಂಬಂಧವೇ ಇಲ್ಲ' ಎಂದು ಗೈಡುಗಳಲ್ಲಿ ಓದಿದ್ದರೆ ಅದನ್ನು ಹಾಗೆಯೇ ನಂಬಬೇಡಿ. ತೀವ್ರತೆಯನ್ನು ಅಷ್ಟೇ ಇಟ್ಟು ಆವೃತ್ತಿಯನ್ನು ಇಮ್ಮಡಿಗೊಳಿಸಿದರೆ ಪ್ರತಿ ಫೋಟಾನಿನ ಶಕ್ತಿ ಇಮ್ಮಡಿಯಾಗುತ್ತದೆ, ಫೋಟಾನುಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ; ಹಾಗಾಗಿ ಕರೆಂಟೂ ಬದಲಾಗಬಹುದು. ಆದ್ದರಿಂದ ಲೆಕ್ಕ ಬಿಡಿಸುವ ಮೊದಲು, ಪ್ರಶ್ನೆಯಲ್ಲಿ ಸ್ಥಿರವಾಗಿಟ್ಟಿರುವುದು ತೀವ್ರತೆಯನ್ನೋ ಫೋಟಾನುಗಳ ಸಂಖ್ಯೆಯನ್ನೋ ನೋಡಿಕೊಳ್ಳಿ.