ಪೆಥಾಲಜಿಸ್ಟ್ ಇಲ್ಲದ ಕಡೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ

ಪ್ರಶ್ನೆ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಶುರುಮಾಡಬೇಕೆಂದಿದ್ದೇವೆ. ಪ್ಯಾಪ್ ಸ್ಮಿಯರ್ (ಗರ್ಭಕಂಠದಿಂದ ತೆಗೆದ ಜೀವಕೋಶಗಳ ಸೂಕ್ಷ್ಮದರ್ಶಕ ಪರೀಕ್ಷೆ) ನೋಡುವವರಿಲ್ಲ. ಏನೇನು ಬೇಕು?
– ಶುಶ್ರೂಷಾಧಿಕಾರಿ, ರಾಯಚೂರು ಜಿಲ್ಲೆ

ಉತ್ತರ: ವಿಐಎ ಮಾಡಿ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ ಇದು. ನಮ್ಮ ರಾಷ್ಟ್ರೀಯ ಕಾರ್ಯಕ್ರಮ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಇದನ್ನೇ ಹೇಳುತ್ತದೆ. ಮರೆಯಿರುವ ಕೋಣೆ, ಪರೀಕ್ಷಾ ಮೇಜು, ಪ್ರಖರ ಬಿಳಿ ಬೆಳಕಿನ ಲ್ಯಾಂಪ್, ಗ್ಲೌಸ್, ಹತ್ತಿ ಸಾಕು. ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಿದ) ಸ್ಪೆಕ್ಯುಲಂ, ಅಂದರೆ ಯೋನಿಯನ್ನು ಅಗಲಿಸಿ ಗರ್ಭಕಂಠ ಕಾಣಿಸುವ ಸಾಧನ, ಮಾತ್ರ ತಲೆಗೊಂದರಂತೆ ಬೇಕೇ ಬೇಕು.

ಎಡವಟ್ಟಾಗುವುದು ಹೆಚ್ಚಾಗಿ ದ್ರಾವಣದಲ್ಲಿ. 95 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 5 ಮಿ.ಲೀ. ಗ್ಲೇಷಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ ಹಾಕಿ. ಅಂದಿನದನ್ನು ಅಂದೇ ತಯಾರಿಸಿ, ಉಳಿದದ್ದನ್ನು ಚೆಲ್ಲಿ. ಬೆರೆಸದ ಆಮ್ಲ ತಾಗಿದರೆ ಚರ್ಮ ಸುಟ್ಟುಹೋಗುತ್ತದೆ. ಆ ಬಾಟಲಿ ಪರೀಕ್ಷಾ ಕೋಣೆಯೊಳಗೆ ಬರಲೇಕೂಡದು.

ದ್ರಾವಣ ಹಚ್ಚಿದ ಮೇಲೆ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಕಾಯಿರಿ. ಸರದಿ ಉದ್ದವಿದ್ದಾಗ ಅವಸರ ಮಾಡಿದರೆ ಮಚ್ಚೆ ಮೂಡುವ ಮೊದಲೇ ‘ಸರಿಯಿದೆ’ ಎಂದು ಬರೆದುಬಿಡುತ್ತೇವೆ. ಗರ್ಭಕಂಠದ ಹೊರ-ಒಳ ಪದರಗಳು ಕೂಡುವ ಗೆರೆಗೆ ಅಂಟಿಕೊಂಡ, ಅಂಚು ಸ್ಪಷ್ಟವಾದ ದಟ್ಟ ಬಿಳಿ ಮಚ್ಚೆಯಿದ್ದರೆ ಪಾಸಿಟಿವ್. ಅಂಚಿಲ್ಲದ ಮಸುಕು ಬಿಳುಪು ಉರಿಯೂತದಿಂದಲೂ ಬರುತ್ತದೆ. ಮುಟ್ಟು ನಿಂತವರಲ್ಲಿ ಆ ಗೆರೆ ಒಳಗೆ ಸರಿದಿರುವುದರಿಂದ ವಿಐಎ ನೆಚ್ಚುವಂತಿಲ್ಲ. ಅವರಿಗೆ ಎಚ್‌ಪಿವಿ (ಈ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆಯೇ ಮೇಲು.

ಚಿಕಿತ್ಸೆಯ ದಾರಿ ಗೊತ್ತುಮಾಡದೆ ಮಾತ್ರ ದಯವಿಟ್ಟು ಶುರುಮಾಡಬೇಡಿ. ಪಾಸಿಟಿವ್ ಬಂದವರನ್ನು ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂದಷ್ಟೇ ಹೇಳಿ ಕಳಿಸಿದರೆ, ಕೂಲಿ ಬಿಟ್ಟು ಬಂದವರು ಮತ್ತೆ ಹೋಗುವುದು ಕಷ್ಟ. ಕಾಲ್ಪಾಸ್ಕೊಪಿಯ (ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಪರೀಕ್ಷೆಯ) ದಿನ, ಕೊಠಡಿಯನ್ನು ಚೀಟಿಯಲ್ಲಿ ಬರೆದುಕೊಡಿ. ಹೋದರೋ ಇಲ್ಲವೋ ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ ರಿಜಿಸ್ಟರಿನಲ್ಲಿ ನಮೂದಿಸಿ.