ಅಂಗನವಾಡಿಗೆ ಬರುವ ಕಲಾವಿದರು ಮಕ್ಕಳಿಗೆ ಚಿತ್ರ ಬರೆದು ತೋರಿಸುವುದಿಲ್ಲವೇಕೆ?

ತೋರಿಸಿದರೆ ಎಷ್ಟೋ ಮಕ್ಕಳು ತಾವು ಬರೆಯುವುದನ್ನೇ ನಿಲ್ಲಿಸುತ್ತಾರೆ, ಅದಕ್ಕೆ. ಮೂರು ವರ್ಷದ ಮಗುವಿನ ಗೆರೆ ಹೊರಡುವುದು ಭುಜ, ಮೊಣಕೈಯಿಂದ. ಬೆರಳಿನ ಹಿಡಿತ ಪಳಗುವುದು ಆಮೇಲೆ. ಕಲಾವಿದರು ಚೆಂದದ ದೋಣಿಯೊಂದನ್ನು ಬರೆದಿಟ್ಟರೆ ಮಗುವಿನ ಕಣ್ಣು ಮೆಚ್ಚುತ್ತದೆ, ಕೈ ಮಾತ್ರ ಅಲ್ಲಿಗೆ ತಲುಪುವುದಿಲ್ಲ. ‘ನನಗೆ ಬರುವುದಿಲ್ಲ, ನೀವೇ ಬರೆದುಕೊಡಿ’ ಎಂಬ ಮಾತು ಹುಟ್ಟುವುದು ಈ ಅಂತರದಲ್ಲಿ.

ಹಾಗೆಂದು ಅವರು ಸುಮ್ಮನೆ ಕೂರುವುದಿಲ್ಲ. ಕುಮಟಾ, ಅಂಕೋಲಾ ಕಡೆ ಸಾಮಗ್ರಿಗೆ ಬರವಿಲ್ಲ: ಒದ್ದೆ ಮರಳು, ಇದ್ದಿಲು, ನೀರಿನಲ್ಲಿ ಕಲಸಿದ ಚಿರೆಕಲ್ಲಿನ ಪುಡಿ. ಇವನ್ನು ಒದಗಿಸಿ ತಾವೂ ಪಕ್ಕದಲ್ಲಿ ಕುಳಿತು ಬಣ್ಣ ಕಲಸುತ್ತಾರೆ. ಮಗು ಬರೆದ ಮನುಷ್ಯನಿಗೆ ತಲೆಯಿಂದಲೇ ಕಾಲು ಹೊರಟಿದ್ದರೆ ತಿದ್ದುವುದಿಲ್ಲ (ಆ ವಯಸ್ಸಿಗೆ ಅದು ಸಹಜ), ‘ಇವನು ಎಲ್ಲಿಗೆ ಹೊರಟಿದ್ದಾನೆ?’ ಎಂದು ಕೇಳುತ್ತಾರೆ. ಇಟಲಿಯ ರೆಜಿಯೊ ಎಮಿಲಿಯ ನಗರಸಭೆಯ ಶಿಶುಶಾಲೆಗಳಲ್ಲಂತೂ 1960ರ ದಶಕದಿಂದಲೂ ಶಿಕ್ಷಕರ ಜೊತೆ ಕಲಾವಿದರೂ ದುಡಿಯುತ್ತಿದ್ದಾರೆ.

ಮನೆಗೆ ಅಂದದ ಚಿತ್ರ ಬರಲಿಲ್ಲವೆಂದು ಪಾಲಕರು ಗೊಣಗುವುದುಂಟು. ಬರೆಯುವಾಗ ಮಗು ಆಡಿದ ಮಾತನ್ನು ಹಾಳೆಯ ಹಿಂದೆ ಬರೆದು ಕಳುಹಿಸಿದರೆ, ಆ ಗೀಚಿನಲ್ಲಿ ಏನಿದೆಯೆಂದು ಅವರಿಗೂ ತಿಳಿಯುತ್ತದೆ.